ಮೂಸುವ ಬಾಗಿಲು

ಮೂರನೇ ಸಲ ಮೈ ತೊಳೆದುಕೊಂಡು ಬಂದು ನಿಂತರೂ ಬಾಗಿಲು ತೆರೆಯಲಿಲ್ಲ. ಚೌಕಟ್ಟಿನ ಮೇಲಿನ ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಹಿರೇಕೊಳ್ಳದ ಅಗ್ನಿಶಾಮಕ ಠಾಣಾಧಿಕಾರಿ ಗದಿಗೆಪ್ಪ ಕಮಡೊಳ್ಳಿ ಸೊಂಟಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು, ಗಾಜಿನ ಆಚೆ ಮೇಜಿನ ಮೇಲೆ ಆರುತ್ತಿದ್ದ ಚಹಾದ ಕಿಟ್ಲಿಯನ್ನು ನೋಡುತ್ತ ನಿಂತಿದ್ದ. ಬೆನ್ನ ಹಿಂದೆ ಅವನ ಹುಡುಗರು ಸಾಲಾಗಿ ನಿಂತು ನಡುಗುತ್ತಿದ್ದರು. ಬೆಳಿಗ್ಗೆಯೆಲ್ಲ ಟೈರ್ ಗೋದಾಮಿನ ಬೆಂಕಿಯಲ್ಲಿ ಬೆಂದು ಬಂದವರು ಈಗ ತಣ್ಣೀರಿನಿಂದ ನಡುಗಬೇಕಾಗಿ ಬಂದಿತ್ತು.

"ಸಾಹೇಬ್ರ, ಇನ್ನ ಎಲ್ಲೆ ತಿಕ್ಕೂದ್ರಿ? ಚರ್ಮ ಸುಲದ ಬರಬೇಕಷ್ಟ," ಎಂದ ಚಾಲಕ ಖಾಜಾಸಾಬ ಅತ್ತಾರ.

"ನೀ ಅತ್ತರ ಹಚ್ಚಿಕೊಂಡ ಬಂದಿ ಏನು?"

"ಮದುವಿಗೆ ಹೊಂಟಿದ್ನ್ಯಾ ಬೆಂಕಿಗೆ ಹೊಂಟಿದ್ನ್ಯಾ? ಎಲ್ಲಿ ಅತ್ತರ್ರೀ?"

ಗದಿಗೆಪ್ಪ ಹಲ್ಲು ಕಚ್ಚಿದ. ಠಾಣೆಗೆ ಈ ಬಾಗಿಲು ಬಂದಾಗಿನಿಂದ ಅವನ ಹಲ್ಲು ಸವೆಯುತ್ತಲೇ ಇತ್ತು. ಗಾಡಿಗಳು ನಿಲ್ಲುವ ಶೆಡ್ಡಿಗೂ ಒಳಗಿನ ಕಚೇರಿ, ಊಟದ ಕೋಣೆಗಳಿಗೂ ನಡುವೆ ಅದನ್ನು ಕೂಡಿಸಿದ್ದರು. ಬೆಂಕಿಗೆ ಹೋಗುವಾಗ ಅದರ ತಂಟೆಯಿಲ್ಲ, ಮುಂದಿನ ಶಟರ್ ಎತ್ತಿ ಗಾಡಿ ಓಡುತ್ತದೆ. ಬಂದ ಮೇಲೆ ಮನುಷ್ಯರು ಮಾತ್ರ ಈ ಬಾಗಿಲಿನಿಂದಲೇ ಹಾಯಬೇಕು. ಚೌಕಟ್ಟಿನೊಳಗೆ ನಿಂತರೆ ಎರಡೂ ಬದಿಯಿಂದ ಬೆಚ್ಚನೆ ಗಾಳಿ ಬೀಸುತ್ತದೆ. ಆ ಗಾಳಿ ಮೈಯನ್ನೂ ಬಟ್ಟೆಯನ್ನೂ ಸವರಿಕೊಂಡು ಚೌಕಟ್ಟಿನ ಹೊಟ್ಟೆಯೊಳಗೆ ಹೋಗುತ್ತದೆ. ಒಳಗೆ ಏನೋ ಮೂಸುತ್ತದೆ. ಬೆಂಕಿಯ ಹೊಗೆಯಲ್ಲಿ ಹುಟ್ಟಿದ ವಿಷ ಮೈಮೇಲೆ ಉಳಿದಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಹಸಿರು ಬಂದರೆ ಮಾತ್ರ ಚಿಲಕ ತಾನಾಗಿ ಬಿಡುತ್ತದೆ.

ಹೇಳಲಿಕ್ಕೆ ಚೆಂದ. ಆದರೆ ಶೆಡ್ಡಿನಲ್ಲಿದ್ದುದು ಎರಡೇ ನಲ್ಲಿ. ಮೇಲಿನ ಟಾಕಿಯ ನೀರು ಬಿಸಿಲಿದ್ದರೆ ಕಾಯುತ್ತದೆ, ಮೋಡವಿದ್ದರೆ ಮಂಜು. ಬೆಂಕಿಗೆ ತೊಡುವ ದಪ್ಪ ಕೋಟು ತಲೆಗೊಂದೇ. ಬಾಗಿಲಿನ ಜೊತೆಗೆ ದೊಡ್ಡದೊಂದು ಒಗೆಯುವ ಯಂತ್ರ, ತಲೆಗೆರಡು ಕೋಟು ಬರಬೇಕು ಎಂದು ಬಾಗಿಲು ಮಾಡಿದ ವಿಜ್ಞಾನಿ ಬರೆದಿದ್ದರಂತೆ. ಇಲಾಖೆ ಬಾಗಿಲನ್ನು ಒಪ್ಪಿಕೊಂಡು, ಉಳಿದದ್ದನ್ನು ಪರಿಶೀಲನೆಗೆ ಇಟ್ಟಿತು. ಹೀಗಾಗಿ ಮನುಷ್ಯ ಮೂರು ಸಲ ತಿಕ್ಕಿಕೊಂಡು ಬಾಗಿಲಿನಿಂದ ಹಾಯುತ್ತಿದ್ದ, ಅವನ ಕೋಟು, ಖಾಕಿ ಅಂಗಿ, ಚಡ್ಡಿ ಎಲ್ಲ ಒಂದು ಚೀಲದಲ್ಲಿ ಶಟರಿನ ಕೆಳಗಿನಿಂದ ಹೆಂಡತಿಯ ಕೈಗೆ ಹೋಗಿ, ಹಿಂದಿನ ವಸತಿಗೃಹದ ಒಗೆಯುವ ಕಲ್ಲಿಗೆ ಬೀಳುತ್ತಿದ್ದವು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಗದಿಗೆಪ್ಪನೂ.

ಅವನ ಕೊರಳಲ್ಲಿ ಒಂದು ಕೀಲಿಯಿತ್ತು. ತೀರಾ ತುರ್ತಿದ್ದರೆ ಮಾತ್ರ ತಿರುಗಿಸು ಎಂದು ಪ್ರಾದೇಶಿಕ ಅಧಿಕಾರಿ ಸೊರಟೂರ ಸಾಹೇಬರು ಕೊಟ್ಟದ್ದು. ಮೊದಲ ತಿಂಗಳು ಅವನು ಅದನ್ನು ಮುಟ್ಟಿರಲಿಲ್ಲ. ಆಮೇಲೆ ಒಬ್ಬನಿಗೆ ಜ್ವರ, ಇನ್ನೊಬ್ಬನ ಮಗನ ಶಾಲೆ ಬಿಡುವ ಹೊತ್ತು. ಈಗಂತೂ ಚಹಾ ಆರುವುದೂ ತುರ್ತೇ ಆಗಿತ್ತು.

"ಸಾಯ್ಲಿ ಇದು," ಎಂದು ಗೊಣಗಿ ಕೀಲಿ ತಿರುಗಿಸಿದ. ಕೆಂಪು ದೀಪದ ಕೆಳಗೇ ಎಲ್ಲರೂ ಒಳಗೆ ನುಗ್ಗಿದರು.

ಮನೆಯಲ್ಲಿ ಹೆಂಡತಿ ದಾಕ್ಷಾಯಣಿಗೆ ಬಾಗಿಲಿನ ಸುದ್ದಿ ಕೇಳಿ ಕೇಳಿ ಸಾಕಾಗಿತ್ತು. ಅವಳ ತಲೆಯಲ್ಲಿ ಈಗ ಮಗಳೊಬ್ಬಳೇ ಇದ್ದಳು. ಇಳಕಲ್ಲಿಗೆ ಕೊಟ್ಟಿದ್ದ ಸಹನಾ ಚೊಚ್ಚಲ ಬಸುರಿ. ದಸರೆ ಕಳೆದ ಮೇಲೆ ಕುಬುಸ ಮಾಡಿ ತವರಿಗೆ ಕರೆತರುವುದೆಂದು ಮಾತಾಗಿತ್ತು. ಬಾಣಂತಿಯ ಕೋಣೆಗೆ ಸುಣ್ಣ ಬಳಿಸಿದ್ದಳು, ಖಾರದ ಪುಡಿ ಕುಟ್ಟಿಸಿದ್ದಳು, ಅಂಟಿನುಂಡೆಗೆ ಬೇಕಾದದ್ದನ್ನೆಲ್ಲ ಡಬ್ಬಿಗಳಲ್ಲಿ ತುಂಬಿದ್ದಳು. ಗಂಡ ಉಣ್ಣುತ್ತ ಬಾಗಿಲನ್ನು ಬಯ್ಯತೊಡಗಿದರೆ, "ರೀ, ಆ ಬಾಗಲಾ ಬಿಟ್ಟು ಒಂದೀಟು ತೊಟ್ಟಲಾ ಕಟ್ಟೂದು ನೋಡ್ರಿ. ಜಂತಿಗೆ ಕೊಂಡಿ ಹಾಕಸ್ತೀನಿ ಅಂದು ಎಷ್ಟ ದಿನಾ ಆತು?" ಎನ್ನುತ್ತಿದ್ದಳು.

ಆಯುಧಪೂಜೆಯ ದಿನ ಠಾಣೆಗೆ ಎಲ್ಲರ ಮನೆಯವರೂ ಬಂದರು. ಗಾಡಿಗಳನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ಕರ್ಪೂರ ಬೆಳಗಿದ್ದಾಯಿತು. ಊಟ ಒಳಗಿನ ಕೋಣೆಯಲ್ಲಿತ್ತು. ಶಟರಿನಿಂದ ಬಂದಿದ್ದ ಹೆಂಗಸರು, ಮಕ್ಕಳು ಎಲ್ಲ ಬಾಗಿಲಿನ ಮುಂದೆ ಸಾಲು ಹಚ್ಚಿದರು. ಮಕ್ಕಳಿಗೆ ಅದೊಂದು ಆಟ. ಗಾಳಿ ಬೀಸಿದಾಗ ಕಿಲಕಿಲ ನಗುತ್ತಿದ್ದರು, ಹಸಿರು ದೀಪ ಬಂದಾಗ ಚಪ್ಪಾಳೆ ತಟ್ಟುತ್ತಿದ್ದರು. ಇಬ್ಬರು ಮೂವರು ಹೆಂಗಸರಿಗೆ ದೀಪ ಸ್ವಲ್ಪ ಹೊತ್ತು ಹಳದಿಯಾಗಿ ನಿಂತು ಆಮೇಲೆ ಹಸಿರಾಯಿತು.

ದಾಕ್ಷಾಯಣಿ ಆರತಿ ತಟ್ಟೆ ಹಿಡಿದು ಒಳಗೆ ಹೆಜ್ಜೆಯಿಟ್ಟಳು. ದೀಪ ಹಳದಿಗೂ ಹೋಗದೆ ನೇರ ಕೆಂಪಾಯಿತು.

ಯಾರೋ ನಕ್ಕರು. ಅವಳು ತಟ್ಟೆ ಬೇರೆಯವರ ಕೈಗೆ ಕೊಟ್ಟು ಮತ್ತೆ ನಿಂತಳು. ಕೆಂಪು. ಕುಂಕುಮದ ಕೈ ಒರೆಸಿಕೊಂಡು ನಿಂತಳು. ಕೆಂಪು. ಮುಂಜಾನೆ ಎದ್ದು ತಲೆಗೆ ನೀರು ಹಾಕಿಕೊಂಡು, ಟ್ರಂಕಿನಲ್ಲಿಟ್ಟಿದ್ದ ಹೊಸ ಸೀರೆ ಉಟ್ಟು ಬಂದವಳು ಎಲ್ಲರೆದುರು ಆ ಕೆಂಪು ಬೆಳಕಿನಲ್ಲಿ ನಿಲ್ಲಬೇಕಾಯಿತು.

"ಕರ್ಪೂರದ ಹೊಗಿ ಅದು. ಇದಕ್ಕೇನು ತಿಳೀತತಿ," ಎಂದು ಗದಿಗೆಪ್ಪ ಧಾವಿಸಿ ಬಂದು ಕೊರಳಿನ ಕೀಲಿ ತೆಗೆದ.

"ಬ್ಯಾಡ್ರಿ," ಅಂದಳು ದಾಕ್ಷಾಯಣಿ. ದನಿ ಸಣ್ಣಗಿತ್ತು. "ಕೀಲಿ ತಿರುವಿ ನನ್ನ ಒಳಗ ಕರೀಬ್ಯಾಡ್ರಿ. ನಾ ಏನು ಹೊಲಸಾಗೇನಿ ಕೇಳ್ರಿ ಮೊದಲ." ಶಟರಿನಿಂದ ಹೊರಬಿದ್ದು ಮನೆಗೆ ಹೋದಳು. ಊಟಕ್ಕೆ ಬರಲಿಲ್ಲ.

ದಸರೆ ಮುಗಿದ ಮರುದಿನವೇ ಗದಿಗೆಪ್ಪ ಬಸ್ಸು ಹತ್ತಿ ಬಾಗಿಲು ಹುಟ್ಟಿದ ಪ್ರಯೋಗಾಲಯಕ್ಕೆ ಹೋದ. ದಾರಿಯುದ್ದಕ್ಕೂ ಬಯ್ಯಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದ. ಆದರೆ ಡಾ. ಮೇದಿನಿ ಶಾನಭಾಗ ಎಂಬ ಆ ವಿಜ್ಞಾನಿ ಅವನಿಗಿಂತ ಬೇಸತ್ತು ಕುಳಿತಿದ್ದರು. ಐವತ್ತರ ಆಸುಪಾಸಿನ, ಕಾರವಾರದ ಕಡೆಯ ಹೆಂಗಸು. ಮೇಜಿನ ಮೇಲೆ ಅರ್ಧ ತಿಂದ ಬನ್ನು, ಪಕ್ಕದಲ್ಲಿ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕಪ್ಪು ಜೀರುಂಡೆಗಳು ಹರಿದಾಡುತ್ತಿದ್ದವು.

"ನಿಮ್ಮ ಠಾಣೆಯ ಕೀಲಿ ಕಳೆದ ತಿಂಗಳು ಎಷ್ಟು ಸಲ ತಿರುಗಿದೆ ಅಂತ ನನಗೆ ಇಲ್ಲಿ ಕೂತೇ ಕಾಣುತ್ತದೆ," ಎಂದರು ಅವನು ಕೂರುವ ಮೊದಲೇ. "ಬಯ್ಯಲಿಕ್ಕೆ ಬಂದಿದ್ದರೆ ಮೊದಲು ನನ್ನದು ಮುಗಿಸುತ್ತೇನೆ."

"ನಿಮ್ಮ ಬಾಗಲಾ ನನ್ನ ಹೆಂಡ್ತೀನ ಒಳಗ ಬಿಡಲಿಲ್ರಿ. ಆಕಿ ಜನ್ಮದಾಗ ಬೆಂಕಿಗೆ ಹೋದಾಕಿ ಅಲ್ಲ. ಕರ್ಪೂರಕ್ಕ ಹೆದರೂ ಯಂತ್ರ ಕಟ್ಟಿ ನಮ್ಮ ತಲೀಮ್ಯಾಲೆ ಕೂಡಿಸೀರಿ."

ಮೇದಿನಿ ಜೀರುಂಡೆಗಳ ಕಡೆ ಕೈ ತೋರಿಸಿದರು. ಕಾಡಿಗೆ ಬೆಂಕಿ ಬಿದ್ದರೆ ಉಳಿದ ಪ್ರಾಣಿಗಳೆಲ್ಲ ಓಡಿಹೋಗುವಾಗ ಈ ಜಾತಿಯವು ಎಷ್ಟೋ ಹರದಾರಿ ದೂರದಿಂದ ಹೊಗೆಯ ವಾಸನೆ ಹಿಡಿದು ಬೆಂಕಿಯ ಕಡೆಗೇ ಹಾರುತ್ತವೆ, ಸುಟ್ಟ ಮರದಲ್ಲಿ ಮೊಟ್ಟೆಯಿಡುತ್ತವೆ ಎಂದರು. ಅವುಗಳ ಮೀಸೆಯಲ್ಲಿರುವ ವಾಸನೆ ಹಿಡಿಯುವ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಒಂದೊಂದು ವಿಷಕ್ಕೆ ಒಂದೊಂದರಂತೆ ತಿದ್ದಿ, ತೆಳ್ಳನೆಯ ಹಾಳೆಯ ಮೇಲೆ ಹರಡಿದ್ದರು. ವಿಷ ಬಂದು ತಾಗಿದರೆ ಆ ಹಾಳೆಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಬಾಗಿಲಿನ ಹೊಟ್ಟೆಯಲ್ಲಿದ್ದುದು ಅಂಥ ಹಾಳೆಗಳ ಕಟ್ಟು.

"ಮೊದಮೊದಲು ಊದಿನಕಡ್ಡಿಗೂ ಕೆಂಪಾಗುತ್ತಿತ್ತು, ಒಪ್ಪುತ್ತೇನೆ. ಅದನ್ನು ಸರಿಪಡಿಸಿದ್ದೇವೆ." ಅವರು ಪರದೆಯ ಮೇಲೆ ಆಯುಧಪೂಜೆಯ ದಿನದ ಗೆರೆಗಳನ್ನು ತೆರೆದರು. ನೋಡುತ್ತ ನೋಡುತ್ತ ಅವರ ಮುಖದ ಬೇಸರ ಕರಗಿ ಇನ್ನೇನೋ ಆಯಿತು. "ಇದು ಕರ್ಪೂರ ಅಲ್ಲ, ಕಮಡೊಳ್ಳಿಯವರೇ. ಹಾಸಿಗೆ, ಸೋಫಾ ಫೋಮಿಗೆ ಬೇಗ ಬೆಂಕಿ ಹಿಡಿಯಬಾರದು ಅಂತ ಒಂದು ರಾಸಾಯನಿಕ ಬೆರೆಸುತ್ತಾರೆ. ಅದೇ ಸುಟ್ಟಾಗ ಹುಟ್ಟುವ ವಿಷ ಇದು. ಇದರ ಜೊತೆಗೆ ಟೈರಿನದು, ಬ್ಯಾಟರಿಯದು. ಒಂದೇ ಬೆಂಕಿಯದಲ್ಲ, ಹತ್ತಾರು ಬೆಂಕಿಗಳದು. ನಿಮ್ಮ ಹುಡುಗರ ಮೈಮೇಲೂ ನಾನು ಇಷ್ಟು ನೋಡಿಲ್ಲ. ನಿಮ್ಮ ಹೆಂಡತಿ ಮನೆಯಲ್ಲಿ ಏನು ಮಾಡುತ್ತಾರೆ?"

"ಏನ್ ಮಾಡ್ತಾಳ್ರಿ? ಅಡಗಿ ಮಾಡ್ತಾಳ. ಅರಿವಿ ಒಗೀತಾಳ," ಎಂದ ಗದಿಗೆಪ್ಪ.

ಮೇದಿನಿ ಎರಡು ದಿನ ಬಿಟ್ಟು ಹಿರೇಕೊಳ್ಳಕ್ಕೆ ಬಂದರು. ಕೈಯಲ್ಲಿ ಟಾರ್ಚಿನಂಥ ಒಂದು ಸಾಧನ. ಬಾಗಿಲಿನದೇ ಮರಿ. ಅದಕ್ಕೆ ಅವರು ಮೂಗು ಎನ್ನುತ್ತಿದ್ದರು. ದಾಕ್ಷಾಯಣಿ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ನೋಡ್ರಿ ಬಾಯಾರ, ನನ್ನ ಮನೀ ನೆಲದಾಗ ಬಿದ್ದ ಅನ್ನ ಆರಿಸಿ ಉಣಬಹುದು. ಏನ್ ಹುಡುಕಾಕ ಬಂದೀರಿ?"

"ನಿಮ್ಮ ತಪ್ಪು ಹುಡುಕಲಿಕ್ಕೆ ಅಲ್ಲ ಅಕ್ಕಾ. ನನ್ನ ಯಂತ್ರದ್ದು ತಪ್ಪೋ ಅಲ್ಲವೋ ನೋಡಲಿಕ್ಕೆ."

ಆ ಮಾತಿಗೆ ದಾಕ್ಷಾಯಣಿ ಸರಿದು ದಾರಿ ಬಿಟ್ಟಳು. ಮೂಗು ಅಡಿಗೆಮನೆಯಲ್ಲಿ ಹಸಿರು ತೋರಿಸಿತು. ಒಗೆಯುವ ಕಲ್ಲಿನ ಮೇಲೆ ಹಳದಿ. ಬಟ್ಟೆ ಒಣಹಾಕುವ ತಂತಿಯ ಮೇಲೆ, ಗದಿಗೆಪ್ಪನ ದಿಂಬಿನ ಮೇಲೆ, ದಾಕ್ಷಾಯಣಿಯ ಬೆರಳ ಸಂದಿಯ ಬಿರುಕುಗಳ ಮೇಲೆ ಹಳದಿ. ಪ್ರತಿ ಸಲವೂ ಗದಿಗೆಪ್ಪ ಉಸಿರು ಹಿಡಿದು ನಿಂತು, ಕೆಂಪಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಕೊನೆಗೆ ಹೊಸದಾಗಿ ಸುಣ್ಣ ಬಳಿದ ಬಾಣಂತಿಯ ಕೋಣೆಗೆ ಹೋದರು. ಹೊಸ್ತಿಲು ದಾಟುವ ಮೊದಲೇ ಮೂಗು ಕೆಂಪಾಯಿತು.

ಕೋಣೆಯಲ್ಲಿದ್ದುದು ಒಂದು ಮಂಚ, ಒಂದು ಟ್ರಂಕು. ಮೇದಿನಿ ಟ್ರಂಕಿನ ಕಡೆ ನಡೆದರು. ದಾಕ್ಷಾಯಣಿ ಮುಂದೆ ಬಂದು ಅದರ ಮುಚ್ಚಳದ ಮೇಲೆ ಕೈಯಿಟ್ಟಳು.

"ಅದರಾಗ ಕೂಸಿನ ಸಾಮಾನು ಅದಾವ್ರಿ. ಅದನ್ನ ಮುಟ್ಟಬ್ಯಾಡ್ರಿ."

ಯಾರೂ ಮುಟ್ಟಲಿಲ್ಲ. ತುಸು ಹೊತ್ತಿನ ಮೇಲೆ ಅವಳೇ ಮುಚ್ಚಳ ತೆಗೆದಳು. ಮೇಲೆಯೇ ಮಡಿಸಿಟ್ಟಿದ್ದ ಒಂದು ಸಣ್ಣ ಕೌದಿ. ಮೇಲ್ಮೈಗೆ ಅವಳ ಮದುವೆಯ ಸೀರೆಯ ಚೂರುಗಳು, ಅಂಚಿಗೆ ಕೆಂಪು ದಡಿ, ಒತ್ತೊತ್ತಾಗಿ ಹಾಕಿದ ಎಳೆ ಹೊಲಿಗೆ. ಇಡೀ ಮಳೆಗಾಲ ಮಧ್ಯಾಹ್ನದ ಹೊತ್ತೆಲ್ಲ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಮೂಗು ಅದರ ಹತ್ತಿರ ಹೋದಾಗ ದೀಪ ಕೆಂಪಾಗಿದ್ದಷ್ಟೇ ಅಲ್ಲ, ಸಾಧನ ಕುಂಯ್ ಎಂದು ಕೂಗತೊಡಗಿತು. ಮೇದಿನಿ ಅದನ್ನು ಆರಿಸಿ ಕಿಸೆಯಲ್ಲಿಟ್ಟುಕೊಂಡರು.

"ಒಳಗೆ ಏನು ಹಾಕಿದ್ದೀರಿ ಅಕ್ಕಾ?"

ದಾಕ್ಷಾಯಣಿ ಗಂಡನ ಮುಖ ನೋಡಿದಳು. "ಇವರ ಹಳೇ ಕೋಟಿನ ಒಳಪದರ. ಇನ್ನ ಬ್ಯಾಡಂತ ಕಂಡೆಮ್ ಮಾಡಿ ಬಿಸಾಕಿದಾಗ ಮ್ಯಾಲಿನ ಬಟ್ಟಿ ಬಿಟ್ಟು ಒಳಗಿಂದು ಬಿಚ್ಚಿ ಇಟ್ಟಿದ್ದೆ. ಮೆತ್ತಗ ಹತ್ತಿ ಅರಳಿ ಇದ್ದಂಗ ಇತ್ತು, ಬೆಚ್ಚಗೂ ಇರತತಿ. ಎಷ್ಟ ಸಲ ಕುದಿಸಿ ಒಗದೇನಿ ಅಂತೀರಿ."

ಮೇದಿನಿ ನಿಧಾನವಾಗಿ ವಿವರಿಸಿದರು. ಕೋಟಿನಲ್ಲಿ ಹೊರಗಿನ ಪದರಕ್ಕಿಂತ ಒಳಪದರವೇ ಹೆಚ್ಚು ಕುಡಿಯುತ್ತದೆ. ಬೆವರು, ಶಾಖ, ಹೊಗೆ ಮೂರೂ ಅಲ್ಲಿ ಕೂಡುತ್ತವೆ. ಸಾಬೂನಿನ ನೀರಿಗೆ ಮಸಿ ಹೋಗುತ್ತದೆ, ವಾಸನೆ ಹೋಗುತ್ತದೆ. ಎಣ್ಣೆಯ ಹಾಗೆ ನೂಲಿನೊಳಗೆ ಇಳಿದದ್ದು ಹೋಗುವುದಿಲ್ಲ. ಎಳೆಗೂಸು ಅದರ ಮೇಲೆ ಮಲಗಿ ಅದರ ಅಂಚನ್ನೇ ಚೀಪುತ್ತದೆ.

"ಕೊಡು ಇಲ್ಲೆ. ಹಿತ್ತಲದಾಗ ಸುಟ್ಟ ಬಿಡ್ತೀನಿ," ಎಂದ ಗದಿಗೆಪ್ಪ.

"ಸುಡಬಾರದು. ಸುಟ್ಟರೆ ಎಲ್ಲ ಮತ್ತೆ ಗಾಳಿಗೆ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಹಾಕಿಕೊಡಿ, ದೊಡ್ಡ ಕುಲುಮೆಯಿರುವ ಕಡೆ ನಾನು ಕಳಿಸುತ್ತೇನೆ."

"ಸುಡಾಕೂ ಬರಂಗಿಲ್ಲ, ತೊಳ್ಯಾಕೂ ಬರಂಗಿಲ್ಲ," ಎಂದಳು ದಾಕ್ಷಾಯಣಿ. ಅವಳು ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಯಂತ್ರದ ಮೇಲೆ, ಅದನ್ನು ತಂದ ಹೆಂಗಸಿನ ಮೇಲೆ, ಕೋಟು ತೊಟ್ಟ ಗಂಡನ ಮೇಲೆ ಕಣ್ಣು ಹಾಯಿಸಿ ಕೊನೆಗೆ ಕೌದಿಯನ್ನೇ ಮಂಚದ ಮೇಲೆ ಬಿಸಾಡಿದಳು. "ನನ್ನ ಮೈಯಾಗೂ ಇಳದೈತೇನ್ರಿ ಇದು?"

"ಇಳಿದಿರುತ್ತದೆ. ಮುಟ್ಟುವುದು ನಿಲ್ಲಿಸಿದರೆ ನಿಧಾನಕ್ಕೆ ಕಡಿಮೆಯಾಗುತ್ತದೆ. ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲಾರೆ."

ಆ ಸಂಜೆ ದಾಕ್ಷಾಯಣಿ ಮಗಳಿಗೆ ಫೋನು ಮಾಡಿದಳು. ಬಾಣಂತನ ಇಳಕಲ್ಲಿನಲ್ಲೇ ಆಗಲಿ, ನಾನೇ ಅಲ್ಲಿಗೆ ಬರುತ್ತೇನೆ ಎಂದಳು. ಆ ಕಡೆ ಸಹನಾ ಯಾಕೆಂದು ಕೇಳಿದಳು, ಆಮೇಲೆ ಅತ್ತಳು, ಬೀಗಿತ್ತಿ ಫೋನು ಇಸಿದುಕೊಂಡು ಇದೆಂಥ ಪದ್ಧತಿ ಎಂದರು. ದಾಕ್ಷಾಯಣಿ, "ಮನ್ಯಾಗ ಗ್ವಾಡಿ ರಿಪೇರಿ ಐತ್ರಿ" ಎಂದಷ್ಟೇ ಹೇಳಿ ಇಟ್ಟಳು.

ಗದಿಗೆಪ್ಪ ಕೊರಳಿನಿಂದ ಕೀಲಿ ತೆಗೆದು ಅವಳ ಮುಂದಿಟ್ಟ. "ಇದನ್ನ ನೀ ಇಟ್ಕೊ. ನನ್ನ ಹಂತ್ಯಾಕ ಇದ್ರ ನಾ ತಿರಗಸ್ತೀನಿ. ನನಗ ಗೊತ್ತೈತಿ."

ಅವಳು ಕೀಲಿಯನ್ನು ಸೆರಗಿನ ಗಂಟಿಗೆ ಹಾಕಿಕೊಂಡಳು. "ಕೀಲಿ ಒಂದ ಅಲ್ಲ. ಇನ್ನ ಮ್ಯಾಲೆ ನಿಮ್ಮ ಅರಿವೀನೂ ನಾ ಒಗಿಯಂಗಿಲ್ಲ."

"ಮತ್ತ ಯಾರ ಒಗೀಬೇಕು?"

"ಯಾರ ಕೊಟ್ಟಾರೋ ಅವರು."

ಅವಳು ಖಾಜಾಸಾಬನ ಹೆಂಡತಿ ಮೆಹಬೂಬಿಗೆ ಹೇಳಿದಳು. ಮೆಹಬೂಬಿ ಉಳಿದವರಿಗೆ ಹೇಳಿದಳು. ಯಾರೂ ಘೋಷಣೆ ಕೂಗಲಿಲ್ಲ, ಬೋರ್ಡು ಹಿಡಿಯಲಿಲ್ಲ. ಶಟರಿನ ಕೆಳಗೆ ಚೀಲ ಇಸಿದುಕೊಳ್ಳಲು ಒಬ್ಬರೂ ಬರಲಿಲ್ಲ, ಅಷ್ಟೇ. ಶೆಡ್ಡಿನ ಮೂಲೆಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮುಗಳು ಬಂದು ಕುಳಿತವು. ಒಂದೊಂದೇ ಅಂಗಿ, ಒಂದೊಂದೇ ಕೋಟು ಅವುಗಳಲ್ಲಿ ಬಿದ್ದವು. ಹುಡುಗರು ಗದಿಗೆಪ್ಪನ ಮೇಲೆ ರೇಗಿದರು. ಮನೆಯ ಹೆಂಗಸನ್ನು ಹದ್ದುಬಸ್ತಿನಲ್ಲಿಡದ ಸಾಹೇಬ ಎಂದು ಹಿಂದೆ ಆಡಿಕೊಂಡರು. ಗದಿಗೆಪ್ಪ ಪ್ರಾದೇಶಿಕ ಕಚೇರಿಗೆ ದಿನಾ ಫೋನು ಮಾಡಿದ. ಒಗೆಯುವ ಯಂತ್ರ ಪರಿಶೀಲನೆಯಲ್ಲಿದೆ ಎಂಬ ಉತ್ತರ ದಿನಾ ಬಂತು. ಕೊಳಾಯಿಯ ಕೆಳಗೆ ತಾವೇ ಕುಕ್ಕರುಗಾಲಲ್ಲಿ ಕುಳಿತು ಕೋಟು ತಿಕ್ಕಲು ಹೋದವರಿಗೆ ಎರಡೇ ದಿನದಲ್ಲಿ ಸಾಕಾಯಿತು. ನೀರು ಕುಡಿದ ಕೋಟು ಎತ್ತಲೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಇಂಥದ್ದರಲ್ಲೇ ಕೈಗಾರಿಕಾ ಪ್ರದೇಶದ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿತ್ತು. ಡ್ರಮ್ಮಿನಿಂದ ಅದೇ ಹೊಲಸು ಕೋಟು ಎತ್ತಿ ತೊಟ್ಟು ಹೋದರು. ಫೋಮಿನ ಹಳದಿ ಹೊಗೆಯಲ್ಲಿ ಮಧ್ಯಾಹ್ನದವರೆಗೆ ಹೆಣಗಿ, ಒಳಗೆ ಸಿಕ್ಕ ಇಬ್ಬರು ಕೆಲಸಗಾರರನ್ನು ಜೀವಂತ ಹೊರತಂದರು. ಬಂದು ಶೆಡ್ಡಿನಲ್ಲಿ ಬಟ್ಟೆ ಬಿಚ್ಚಿದಾಗ ಟಾಕಿಯ ನೀರು ಜಳಕದ ಅರ್ಧಕ್ಕೇ ನಿಂತಿತು. ಬಾಗಿಲು ಎಲ್ಲರಿಗೂ ಕೆಂಪು. ಎಲ್ಲರೂ ಲುಂಗಿ, ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕುಳಿತರು.

ಆಗಲೇ ಸೊರಟೂರ ಸಾಹೇಬರ ಜೀಪು ಬಂತು. ಮರುದಿನ ಮಂತ್ರಿಗಳು ಬರುತ್ತಾರೆ, ಇಬ್ಬರನ್ನು ಉಳಿಸಿದ್ದಕ್ಕೆ ಸನ್ಮಾನ, ಎಲ್ಲರೂ ಇಸ್ತ್ರಿ ಹೊಡೆದ ಸಮವಸ್ತ್ರದಲ್ಲಿ ನಿಲ್ಲಬೇಕು. ಶೆಡ್ಡಿನೊಳಗೆ ಬಂದು ಈ ಲುಂಗಿಗಳ ಸಾಲು ನೋಡಿ ಅವರ ಮುಖ ಬಿಗಿಯಿತು.

"ಏನಿದು ಕಮಡೊಳ್ಳಿ? ಸಮವಸ್ತ್ರ ಎಲ್ಲೈತಿ?"

"ಡ್ರಮ್ಮಿನ್ಯಾಗ ಐತ್ರಿ ಸರ್."

"ಒಗಸು."

"ಒಗಿಯವರು ಬಿಟ್ಟಾರ್ರಿ."

ಸೊರಟೂರರು ತಾವೇ ಡ್ರಮ್ಮಿನ ಮುಚ್ಚಳ ತೆಗೆದು, ಒಂದು ಕೋಟು ಎಳೆದು ಕೊಡವಿದರು. ಮಸಿ ಹಾರಿ ಅವರ ಬಿಳಿ ಅಂಗಿಯ ಮೇಲೆ ಕುಳಿತಿತು. ಕೋಟನ್ನು ಬಿಸಾಡಿ, ಕಚೇರಿಯಲ್ಲಿ ಕೂತು ಮಾತಾಡೋಣ ಎಂದು ಬಾಗಿಲಿನೊಳಗೆ ನಿಂತರು. ಗಾಳಿ ಬೀಸಿತು. ದೀಪ ಕೆಂಪಾಯಿತು.

"ಕೀಲಿ," ಎಂದು ಕೈ ಚಾಚಿದರು.

"ನನ್ನ ಹೆಂಡ್ತಿ ಹಂತ್ಯಾಕ ಐತ್ರಿ."

ದಾಕ್ಷಾಯಣಿಯನ್ನು ಕರೆಸಿದರು. ಅವಳು ಶಟರಿನ ಕಡೆಯಿಂದ ಬಂದು ಬಾಗಿಲಿನ ಪಕ್ಕ ನಿಂತಳು. ಸೆರಗಿನ ಗಂಟು ಮುಷ್ಟಿಯಲ್ಲಿತ್ತು. ಸೊರಟೂರರು ಅಧಿಕಾರದ ದನಿಯಲ್ಲಿ ಕೀಲಿ ಕೊಡಲು ಹೇಳಿದರು. ಇಲಾಖೆಯ ಆಸ್ತಿ ಎಂದರು. ನಿಮ್ಮ ಗಂಡನ ನೌಕರಿಯ ಪ್ರಶ್ನೆ ಎಂದರು. ಅವಳು ಕೊಟ್ಟುಬಿಟ್ಟರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು ಗದಿಗೆಪ್ಪನಿಗೆ.

"ಸಾಹೇಬ್ರ, ನಿಮಗ ಅಗೌರವ ಮಾಡಬೇಕಂತಲ್ಲ," ಎಂದಳು ದಾಕ್ಷಾಯಣಿ. "ಆ ದೀಪದ ಕೆಳಗ ನಾನೂ ನಿಂತೇನಿ. ಹಬ್ಬದ ದಿನ, ಎಲ್ಲಾರ ಮುಂದ. ಇದನ್ನ ತಿರುವಿದ್ರ ನೀವು ಒಳಗ ಹೋಗ್ತೀರಿ. ನಿಮ್ಮ ಅಂಗಿ ಮ್ಯಾಲಿಂದು ನಿಮ್ಮ ಮನಿಗೆ ಹೋಗತತಿ. ಅಲ್ಲೆ ಅದನ್ನ ಯಾರರ ಒಗೀತಾರಲ್ಲ. ಜಳಕಾ ಮಾಡ್ರಿ. ನಾ ನೀರು ಕಾಸಿ ತರಸ್ತೀನಿ."

ಹೆಂಗಸರು ವಸತಿಗೃಹದ ಒಲೆಗಳ ಮೇಲೆ ನೀರು ಕಾಸಿದರು. ಕೊಡಗಳು ಶಟರಿನ ಕೆಳಗೆ ಬಂದವು. ಸೊರಟೂರರು ಬೇರೆ ದಾರಿ ಕಾಣದೆ ಅಂಗಿ ಬಿಚ್ಚಿದರು. ಅವರ ಎಡ ಭುಜದಿಂದ ಮೊಣಕೈಯವರೆಗೆ ಹಳೆಯ ಸುಟ್ಟ ಗಾಯದ ಗುರುತಿತ್ತು. ಅವರೂ ಒಂದು ಕಾಲಕ್ಕೆ ನೀರಿನ ನಳಿಕೆ ಹಿಡಿದು ಬೆಂಕಿಗೆ ನುಗ್ಗಿದವರೇ ಎಂಬುದು ಹುಡುಗರಿಗೆ ಮರೆತೇಹೋಗಿತ್ತು. ಜಳಕ ಮುಗಿಸಿ, ಖಾಜಾಸಾಬನ ಲುಂಗಿ ಸುತ್ತಿಕೊಂಡು ಬೆಂಚಿನ ತುದಿಗೆ ಕುಳಿತು, ಬಾಗಿಲಿನ ಸರದಿ ಕಾಯುತ್ತ, ಹೆಂಗಸರು ಕಳಿಸಿದ ಚಹಾ ಕುಡಿದರು.

"ಆ ಡಾಕ್ಟರಮ್ಮನ ಕೈಯಾಗ ಒಂದು ಮೂಗು ಐತಂತಲ್ಲ," ಎಂದರು ಕಡೆಗೆ, ಗದಿಗೆಪ್ಪನ ಕಡೆ ನೋಡದೆ. "ಅದು ಹಳೇ ಸಾಮಾನಿನ ಮ್ಯಾಲೂ ಕೆಲಸ ಮಾಡತತೇನು? ಬಾಳ ಹಳೇವು. ನಮ್ಮಾಕಿ ತೀರಿದ ಮ್ಯಾಲೆ ನಮ್ಮ ಮನ್ಯಾಗ ಒಂದು ಕೋಣಿ ಹಂಗ ಮುಚ್ಚಿಟ್ಟೇನಿ."

"ಮಾಡತತ್ರಿ," ಎಂದ ಗದಿಗೆಪ್ಪ.

ಮರುದಿನ ಮಂತ್ರಿಗಳ ಮುಂದೆ ಹಿರೇಕೊಳ್ಳದ ಠಾಣೆಯವರು ಮನೆಯ ಪ್ಯಾಂಟು, ಅಂಗಿಯಲ್ಲೇ ನಿಂತರು. ಗದಿಗೆಪ್ಪನಿಗೆ ಶಿಸ್ತು ಮೀರಿದ್ದಕ್ಕೆ ನೋಟಿಸು ಬಂತು. ಅದರ ಬೆನ್ನಿಗೇ ಒಗೆಯುವ ಯಂತ್ರ ಮಂಜೂರಾಗಿ ಬಂತು. ಎರಡಕ್ಕೂ ಸಹಿ ಸೊರಟೂರರದೇ. ಯಂತ್ರ ಶೆಡ್ಡಿನೊಳಗೆ ಹಿಡಿಸದೆ ಗೋಡೆ ಒಡೆಯಬೇಕಾಯಿತು. ಗೋಡೆ ಒಡೆದ ಮೇಲೆ ಕರೆಂಟು ಸಾಲಲಿಲ್ಲ. ಕರೆಂಟು ಬಂದ ಮೇಲೆ ಮೇದಿನಿ ಫೋನು ಮಾಡಿ, ಒಗೆದ ನೀರನ್ನು ಗಟಾರಕ್ಕೆ ಬಿಡಬೇಡಿ, ಅದಕ್ಕೆ ಬೇರೆ ತೊಟ್ಟಿ ಬೇಕು ಎಂದರು. ಗದಿಗೆಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದು ಶೆಡ್ಡಿನ ತಗಡನ್ನು ನೋಡುತ್ತ ನಿಂತ. ಆಮೇಲೆ ಗುದ್ದಲಿ ತರಿಸಿ ತೊಟ್ಟಿಗೆ ತಾನೇ ಗೆರೆ ಹಾಕಿದ. ಬಾಗಿಲು ಈಗಲೂ ಕಾಡುತ್ತಿತ್ತು. ಹುಡುಗರು ಈಗಲೂ ಬಯ್ಯುತ್ತಿದ್ದರು. ಆದರೆ ಬಯ್ಯುತ್ತಲೇ ಹೋಗಿ ಮತ್ತೊಂದು ಸಲ ಕತ್ತು, ಕಿವಿಯ ಹಿಂದೆ, ಉಗುರ ಸಂದಿ ತಿಕ್ಕಿಕೊಂಡು ಬರುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಇಳಕಲ್ಲಿನಿಂದ ಸುದ್ದಿ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಅರಾಮ. ಬಾಣಂತನಕ್ಕೆಂದು ಮೊದಲೇ ಹೋಗಿದ್ದ ದಾಕ್ಷಾಯಣಿಯೇ ಫೋನು ಮಾಡಿದ್ದಳು. ಗದಿಗೆಪ್ಪನಿಗೆ ರಜೆ ಸಿಗಲು ಮತ್ತೆ ಕೆಲವು ದಿನ ಹಿಡಿಯಿತು.

ಬೀಗರ ಮನೆಗೆ ಹೋಗಿ ಇಳಿದವನು ನೇರ ಹಿತ್ತಲಿಗೆ ನಡೆದ. ಚೀಲದಲ್ಲಿ ತಂದಿದ್ದ ಹೊಸ ಅಂಗಿ, ಹೊಸ ಧೋತರವನ್ನು ಕಟ್ಟೆಯ ಮೇಲಿಟ್ಟು ಜಳಕ ಮಾಡಿದ. ಉಟ್ಟು ಒಳಗೆ ಬಂದ. ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತು, ಲೋಬಾನದ ಹೊಗೆಯ ನಡುವೆ ಮಗಳ ಮುಖ, ಅವಳ ಪಕ್ಕದಲ್ಲಿ ಅಂಗಡಿಯಿಂದ ತಂದ ಗುಲಾಬಿ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗಂಟು ನೋಡಿದ. ಏನೋ ನೆನಪಾದವನಂತೆ ಮತ್ತೆ ಹಿತ್ತಲಿಗೆ ಹೋಗಿ ಕೈ ತೊಳೆದ. ಬಂದ. ಕೂಸು ಆಕಳಿಸಿತು. ಅವನು ತನ್ನ ಅಂಗೈ ನೋಡಿಕೊಂಡು ಮತ್ತೆ ಹೊರಟ.

"ಎಲ್ಲಿ ಹೊಂಟ್ರಿ?" ದಾಕ್ಷಾಯಣಿ ಹಿಂದೆಯೇ ಬಂದಳು. ಅವನು ನಲ್ಲಿಯ ಕೆಳಗೆ ಕೈಯೊಡ್ಡಿ, ಮೊಣಕೈವರೆಗೂ ಸಾಬೂನು ಹಚ್ಚಿ ತಿಕ್ಕುತ್ತಿದ್ದ. ಚರ್ಮ ಕೆಂಪಾಗಿತ್ತು.

"ಇಲ್ಲೆ ಕೆಂಪು, ಹಸರು ತೋರಸೂದು ಯಾವುದೂ ಇಲ್ಲ," ಎಂದ ಅವನು ತಲೆಯೆತ್ತದೆ. "ಹೋತೋ ಇಲ್ಲೋ ನನಗ ಹೆಂಗ ತಿಳೀಬೇಕು?"

"ನನಗೂ ತಿಳಿಯಂಗಿಲ್ಲ. ಆದ್ರೂ ನಾ ದಿನಾ ಎತ್ಕೊಂಡೇನಿ." ಅವಳು ನಲ್ಲಿ ತಿರುವಿ ನೀರು ನಿಲ್ಲಿಸಿದಳು. "ಕೂಸು ಅಳಾಕತ್ತೈತಿ, ಕೇಳಸ್ತೈತಿಲ್ಲೊ? ಸಾಕು ಬರ್ರಿ."

ಅವನು ತೊಯ್ದ ಕೈಗಳನ್ನು ಮುಂದೆ ಚಾಚಿಕೊಂಡು ನಿಂತೇ ಇದ್ದ. ಅವಳು ಸೆರಗು ಎಳೆದುಕೊಂಡು ಮೊದಲು ಬಲಗೈ, ಆಮೇಲೆ ಎಡಗೈ, ಒಂದೊಂದೇ ಬೆರಳು ಹಿಡಿದು ಒರೆಸಿದಳು.